ಪ್ರಧಾನಿಯ ವಿದೇಶ ಪ್ರವಾಸದ ಒಪ್ಪಂದವನ್ನು ನಮ್ಮ ಒಳ್ಳೆಮೆಣಸಿಗೆ ಬಳಸಿಕೊಳ್ಳುವ ಬಗೆ

ಪ್ರಧಾನಿ ಹೊರದೇಶಕ್ಕೆ ಹೋಗಿ ವ್ಯಾಪಾರ, ಪ್ರವಾಸೋದ್ಯಮದ ಮಾತುಕತೆ ಮುಗಿಸಿ ಬಂದ ಮಾತ್ರಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಂಗಡಿಯಲ್ಲಿ ಒಳ್ಳೆಮೆಣಸಿನ (ಕರಿಮೆಣಸಿನ) ಕ್ರಯ ಏರುವುದಿಲ್ಲ. ಆ ದೇಶ ನಮ್ಮ ಸರಕಿನ ಆಮದು ಸುಂಕ ಇಳಿಸುವ ಒಪ್ಪಂದವಾದರೂ ಅದರ ಲಾಭ ಸಿಗುವುದು ಕೇಳಿ ಪಡೆದವರಿಗೆ ಮಾತ್ರ. ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಕೃಷಿಕರು ನಾಲ್ಕೈದು ಮನೆಯವರು ಸೇರಿ ರಫ್ತಿಗೆ ಇಳಿಯುವುದಾದರೆ ಕೆಲಸ ಹೀಗೆ ಸಾಗಬೇಕು.

ಮೊದಲು ಸುದ್ದಿಯನ್ನು ಸರಿಯಾಗಿ ಓದಿ. ತಿಳುವಳಿಕಾ ಪತ್ರಕ್ಕೆ (ಎಂಒಯು) ಸಹಿಯಾಗಿದೆ ಎಂದಿದ್ದರೆ ಸುಂಕದಲ್ಲಿ ಏನೂ ಬದಲಾಗಿಲ್ಲ ಎಂದೇ ತಿಳಿಯಿರಿ. ವ್ಯಾಪಾರ ಒಪ್ಪಂದಕ್ಕೇ ಸಹಿಯಾಗಿದ್ದರೂ ಜಾರಿಯ ದಿನಾಂಕ ಬೇರೆ ಇರುತ್ತದೆ. ಯುಎಇ ಜೊತೆಗಿನ ಸೆಪಾ ಎಂಬ ವ್ಯಾಪಾರ ಒಪ್ಪಂದಕ್ಕೆ 2022ರ ಫೆಬ್ರವರಿ 18ರಂದು ಸಹಿಯಾಯಿತು, ಜಾರಿಯಾದದ್ದು ಮೇ 1ಕ್ಕೆ. ಆಸ್ಟ್ರೇಲಿಯಾದ ಒಪ್ಪಂದಕ್ಕೆ ಅದೇ ವರ್ಷ ಏಪ್ರಿಲ್ 2ರಂದು ಸಹಿ, ಜಾರಿ ಡಿಸೆಂಬರ್ 29ಕ್ಕೆ. ಬ್ರಿಟನ್ ಜೊತೆಗಿನದಕ್ಕೆ 2025ರ ಜುಲೈ 24ರಂದು, ಪ್ರಧಾನಿ ಮೋದಿ ಅಲ್ಲಿಗೆ ಹೋಗಿದ್ದಾಗಲೇ ಸಹಿ ಬಿತ್ತು; ಆದರೆ ಅಂಥ ಒಪ್ಪಂದ ಎರಡೂ ದೇಶಗಳ ಅನುಮೋದನೆ ಮುಗಿಯದೆ ಜಾರಿಗೆ ಬರುವುದಿಲ್ಲ. ಸಹಿಯ ದಿನವನ್ನು ನಂಬಿ ಖರೀದಿದಾರರಿಗೆ ಕ್ರಯ ಹೇಳಿದರೆ ನಷ್ಟ ನಿಮ್ಮ ತಲೆಗೇ ಬರುತ್ತದೆ.

ಎರಡನೆಯದು ಎಚ್ಎಸ್ ಕೋಡ್, ಅಂದರೆ ಸುಂಕದ ಲೆಕ್ಕಕ್ಕೆ ಪ್ರತಿ ಬಗೆಯ ಸರಕಿಗೆ ಕೊಟ್ಟ ಸಂಖ್ಯೆ. ಇಡೀ ಕಾಳಿನ ಒಳ್ಳೆಮೆಣಸಿಗೆ 0904.11, ಪುಡಿ ಮಾಡಿದರೆ 0904.12. ಮೊದಲ ಆರು ಅಂಕೆ ಲೋಕಕ್ಕೆಲ್ಲ ಒಂದೇ, ಮುಂದಿನವು ಆಯಾ ದೇಶದ್ದು. ಇಂಡಿಯನ್ ಟ್ರೇಡ್ ಪೋರ್ಟಲ್‌ನಲ್ಲಿ ಕೋಡ್ ಹಾಕಿ ದೇಶ ಆರಿಸಿದರೆ ಎರಡು ಸುಂಕ ಕಾಣುತ್ತವೆ: ಎಲ್ಲರಿಗೂ ಇರುವ ಸಾಮಾನ್ಯ ಸುಂಕ, ಒಪ್ಪಂದದ ಸುಂಕ. ಇವೆರಡರ ನಡುವಿನ ಅಂತರವೇ ನಿಮ್ಮ ಲಾಭ. ಸಾಮಾನ್ಯ ಸುಂಕವೇ ಸೊನ್ನೆ ಇದ್ದರೆ ಆ ಒಪ್ಪಂದದಿಂದ ಸುಂಕದಲ್ಲಿ ನಿಮಗೆ ಉಳಿಯುವುದು ಏನೂ ಇಲ್ಲ, ಬೇರೆ ದೇಶ ನೋಡಿ.

ಕಾಗದಪತ್ರದಲ್ಲಿ ಮೊದಲು ಬೇಕಾದದ್ದು ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಗುರುತುಸಂಖ್ಯೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಡಿಜಿಎಫ್‌ಟಿ ಜಾಲತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ದೃಢೀಕರಿಸಬೇಕು, ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಶಾಲಾ ದಾಖಲೆಯಲ್ಲಿ ಕನ್ನಡದ ಉಚ್ಚಾರಕ್ಕೆ ಬರೆದ ಹೆಸರು, ಆಧಾರ್‌ನಲ್ಲಿ ಮಲಯಾಳಕ್ಕೆ ಹೋಗಿ ಬಂದ ಕಾಗುಣಿತ, ಬ್ಯಾಂಕಿನಲ್ಲಿ ಮನೆತನದ ಇನಿಶಿಯಲ್ಲು ಮುಂದೆ, ಪಾನ್‌ನಲ್ಲಿ ಹಿಂದೆ. ಪಾನ್ ಮತ್ತು ಬ್ಯಾಂಕ್ ಖಾತೆಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಅರ್ಜಿ ಹಿಂದೆ ಬರಬಹುದು. ಬೇರೆ ಯಾವುದಕ್ಕೂ ಕೈಹಾಕುವ ಮುನ್ನ ಇದನ್ನು ಸರಿಪಡಿಸಿ. ಬಳಿಕ ಸಂಬಾರ ಮಂಡಳಿಯ ರಫ್ತುದಾರ ನೋಂದಣಿ, ಸರಕು ಹೊರಡುವ ಬಂದರಿಗೆ ಬ್ಯಾಂಕಿನ ಎಡಿ ಕೋಡ್ (ವಿದೇಶದ ಹಣ ಪಡೆಯುವ ಬ್ಯಾಂಕ್ ಶಾಖೆಯ ಗುರುತುಸಂಖ್ಯೆ) ನೋಂದಣಿ.

ಇನ್ನು ಮೆಣಸು. ಕೊಯ್ದು ಬಿಡಿಸಿದ ಕಾಳನ್ನು ಬಿದಿರಿನ ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಹೊರಗಿನ ಕೊಳೆ ಹೋಗುತ್ತದೆ, ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಕಪ್ಪು ಬಣ್ಣ ಕೊಡುವ ಕಿಣ್ವವೇ ಸಾಯುತ್ತದೆ. ಅಡಿಕೆಗೆಂದು ಸೆಗಣಿ ಸಾರಿಸಿದ ಅಂಗಳದಲ್ಲಿ ರಫ್ತಿನ ಮೆಣಸನ್ನು ಖಂಡಿತ ಹರವಬೇಡಿ. ಸಾಲ್ಮೊನೆಲ್ಲಾ ಸಿಕ್ಕಿದರೆ ಇಡೀ ಲಾಟ್ ತಿರಸ್ಕೃತವಾಗುತ್ತದೆ. ಸಿಮೆಂಟು ಅಂಗಳ ಅಥವಾ ಶುದ್ಧ ಟಾರ್ಪಾಲು ಆಗಬಹುದು, ಕೋಳಿ ನಾಯಿ ಬಾರದಂತೆ ಬಲೆ ಕಟ್ಟಿ. 100 ಕಿಲೋ ಹಸಿಮೆಣಸಿಗೆ ಸುಮಾರು 33ರಿಂದ 35 ಕಿಲೋ ಒಣಮೆಣಸು ಸಿಗುತ್ತದೆ. ಅದಕ್ಕಿಂತ ತುಂಬಾ ಹೆಚ್ಚು ತೂಗಿದರೆ ನೀರು ಉಳಿದಿದೆ ಎಂದರ್ಥ.

ತೇವಾಂಶ 12 ಶೇಕಡಾ ದಾಟಬಾರದು, 11ಕ್ಕೆ ಇಳಿಸಿದರೆ ನಿಶ್ಚಿಂತೆ. ಹಗಲು ಕಾದ ಕಂಟೇನರಿನೊಳಗೆ ಕಾಳಿನ ನೀರು ಆವಿಯಾಗಿ ಏರುತ್ತದೆ, ರಾತ್ರಿ ತಂಪಿಗೆ ತಗಡಿನ ಮಾಡಿಗೆ ಹಿಡಿದು ಹನಿಯಾಗಿ ಮೇಲಿನ ಗೋಣಿಗಳ ಮೇಲೆ ಬೀಳುತ್ತದೆ. ಬೂಸಲು ಶುರುವಾಗುವುದು ಅಲ್ಲಿಂದಲೇ. ಗಟ್ಟಿತನ ನೋಡಲು ಒಂದು ಲೀಟರಿನ ಪಾತ್ರೆಗೆ ಕಾಳನ್ನು ಒತ್ತದೆ, ಕುಲುಕದೆ ಸುರಿದು, ಅಂಚಿಗೆ ಸಮವಾಗಿ ಕೋಲು ಎಳೆದು ತೂಗಿ. 550 ಗ್ರಾಂ ಬಂದರೆ ಉತ್ತಮ ಕಾಳು. 500ಕ್ಕಿಂತ ಇಳಿದರೆ ಜೊಳ್ಳು ಸೇರಿದೆ, ಮತ್ತೊಮ್ಮೆ ಗೇರಿ. ಗೊಬ್ಬರದ ಹಳೆ ಚೀಲ ಬೇಡವೇ ಬೇಡ. ಒಳಪದರವಿರುವ ಹೊಸ ಗೋಣಿಯೇ ಆಗಬೇಕು. ಕೀಟನಾಶಕ ಶೇಷದ ಪರೀಕ್ಷೆಯನ್ನು ಖರೀದಿದಾರರು ಕೇಳದಿದ್ದರೂ ಮಾಡಿಸಿ. ಎಣ್ಮಕಜೆಯ ಎಂಡೋಸಲ್ಫಾನ್ ಸಂಕಟ ಕಂಡ ಜಿಲ್ಲೆ ನಮ್ಮದು, ಆ ವರದಿ ನಮಗೆ ಬರೀ ಕಾಗದವಲ್ಲ.

ಸುಂಕ ರಿಯಾಯಿತಿ ನಿಂತಿರುವುದು ಸರಕು ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರದ (ಸರ್ಟಿಫಿಕೇಟ್ ಆಫ್ ಒರಿಜಿನ್) ಮೇಲೆ. ಅದರಲ್ಲಿ ಎರಡು ಬಗೆ ಇದೆ, ನಿಮಗೆ ಬೇಕಾದದ್ದು ಪ್ರಿಫರೆನ್ಶಿಯಲ್, ಅಂದರೆ ಒಪ್ಪಂದದ ರಿಯಾಯಿತಿಗೆಂದೇ ಕೊಡುವಂಥದ್ದು. ಇನ್ನೊಂದನ್ನು ಮಾಡಿಸಿಕೊಂಡರೆ ಅಲ್ಲಿ ಪೂರ್ತಿ ಸುಂಕ ಕಟ್ಟಬೇಕಾಗುತ್ತದೆ. ಇಲ್ಲಿಯೇ ಬೆಳೆದ ಮೆಣಸು ಪೂರ್ಣವಾಗಿ ಭಾರತದಲ್ಲೇ ದೊರೆತದ್ದು ಎಂಬ ವರ್ಗಕ್ಕೆ ಸೇರುತ್ತದೆ. ಲಾಟ್ ತುಂಬಲಿಲ್ಲವೆಂದು ವ್ಯಾಪಾರಿಯಿಂದ ತಂದ ವಿಯೆಟ್ನಾಂ ಅಥವಾ ಶ್ರೀಲಂಕಾ ಮೆಣಸು ಬೆರೆಸಿದರೆ ಆ ಹಕ್ಕು ಹೋಯಿತು, ಸುಳ್ಳು ಘೋಷಣೆಯ ಹೊಣೆಯೂ ಬಂತು. ಯಾವ ಮನೆಯಿಂದ ಎಷ್ಟು ಕಿಲೋ, ಯಾವ ದಿನ ಎಂಬ ಪುಸ್ತಕ ಇಡಿ. ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಸಲ್ಲಿಸುವ ರಫ್ತು ಪತ್ರ), ಪ್ರಮಾಣಪತ್ರ ಮೂರರಲ್ಲೂ ಕೋಡ್, ತೂಕ, ಹೆಸರು ಒಂದೇ ಇರಲಿ. ಹಡಗು ಹೊರಟ ಮೇಲೆ ಅರ್ಜಿ ಹಾಕಲು ಓಡಾಡುವುದು ಕಷ್ಟ, ಮೊದಲೇ ಮುಗಿಸಿ.

ಪ್ರವಾಸೋದ್ಯಮದ ಮಾತಿನಿಂದ ಬೇಕಲದ ಸುತ್ತಿನ ಹೋಂಸ್ಟೇಯವರಿಗೂ ಅವಕಾಶವಿದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒ ವ್ಯವಸ್ಥೆಗೆ ಆನ್‌ಲೈನ್‌ನಲ್ಲಿ ಸಲ್ಲಿಸುವುದನ್ನು ಮಾತ್ರ ತಪ್ಪಿಸಬೇಡಿ.

ಸರಕು ಸ್ವಲ್ಪವೇ ಇದ್ದರೆ ಪೂರ್ತಿ ಕಂಟೇನರ್ ಬೇಡ, ಹಲವರ ಸರಕು ಸೇರುವ ಎಲ್‌ಸಿಎಲ್‌ನಲ್ಲಿ ಕಳುಹಿಸಬಹುದು; ಪಕ್ಕದಲ್ಲಿ ಒಣಮೀನು, ಸಾಬೂನಿನಂಥ ವಾಸನೆಯ ಸರಕು ಬಾರದಂತೆ ಏಜೆಂಟರಿಂದ ಬರಹದಲ್ಲಿ ಪಡೆಯಿರಿ. ಪ್ರತಿ ಲಾಟ್‌ನಿಂದ 250 ಗ್ರಾಂ ತೆಗೆದು, ಲಾಟ್ ಸಂಖ್ಯೆ ಮತ್ತು ದಿನಾಂಕ ಬರೆದು, ಮೊಹರು ಮಾಡಿ, ಹಣ ಖಾತೆಗೆ ಬೀಳುವವರೆಗೆ ಮನೆಯಲ್ಲಿಡಿ.