ಕನ್ನಡ ಮಾತಿಗೆ ತುಟಿ ಕೂಡಿಸಲು ಬ್ಲೆಂಡರ್ ಟೈಮ್‌ಲೈನ್ ಹೊಂದಿಸುವ ಬಗೆ: ನನ್ನ ಅನುಭವ

ಬ್ಲೆಂಡರ್ ಎಂಬ ಆನಿಮೇಶನ್ ತಂತ್ರಾಂಶದಲ್ಲಿ ಹೊಸ ಫೈಲ್ ತೆರೆದರೆ ಸೆಕೆಂಡಿಗೆ 24 ಫ್ರೇಮ್, ಟೈಮ್‌ಲೈನ್ 1ರಿಂದ 250. ಪಾತ್ರ ಸುಮ್ಮನೆ ಕೈ ಬೀಸಿ ಹೋಗುವುದಾದರೆ ಇಷ್ಟರಲ್ಲೇ ಕೆಲಸ ನಡೆಯುತ್ತದೆ. ಪಾತ್ರ ಮಾತಾಡಬೇಕು ಎಂದಾದರೆ, ಮೊದಲ ಕೀ (ಒಂದು ಫ್ರೇಮಿನಲ್ಲಿ ಪಾತ್ರದ ಭಂಗಿಯನ್ನು ನಿಲ್ಲಿಸುವ ಗುರುತು) ಹಾಕುವ ಮುಂಚೆಯೇ ಈ ಅಂಕಿಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ನಾನು 4.2 ಎಲ್‌ಟಿಎಸ್ (ದೀರ್ಘಕಾಲದ ಬೆಂಬಲವಿರುವ) ಆವೃತ್ತಿಯಲ್ಲಿ ಕೆಲಸ ಮಾಡುತ್ತೇನೆ; ಮುಂದೆ ಹೇಳುವ ಮೆನುಗಳ ಹೆಸರೆಲ್ಲ ಅದರವು.

ನಾನು ಇಟ್ಟುಕೊಳ್ಳುವುದು 25. ನಮ್ಮಲ್ಲಿ ಟಿವಿ ಪ್ರಸಾರ ಪಾಲ್ ಎಂಬ ಹಳೆಯ ಟಿವಿ ಪದ್ಧತಿಯ ಕಾಲದಿಂದಲೂ 25ರ ಲೆಕ್ಕದಲ್ಲಿದೆ, ಯೂಟ್ಯೂಬಿಗೂ ಅದು ಒಗ್ಗುತ್ತದೆ. ಇನ್ನೊಂದು ಅನುಕೂಲ ಲೆಕ್ಕದ್ದು: ಒಂದು ಫ್ರೇಮ್ ಎಂದರೆ ಸರಿಯಾಗಿ 40 ಮಿಲಿಸೆಕೆಂಡ್. 12 ಸೆಕೆಂಡಿನ ಮಾತಿಗೆ 300 ಫ್ರೇಮ್. ಔಟ್‌ಪುಟ್ ಪ್ರಾಪರ್ಟೀಸ್‌ನಲ್ಲಿ ಫ್ರೇಮ್ ರೇಟ್ ಬದಲಿಸಿ, ಎಂಡ್ ಜಾಗದಲ್ಲಿ 300ರ ಮೇಲೆ ಇನ್ನೂ 12 ಸೇರಿಸಿ 312 ಬರೆಯುತ್ತೇನೆ. ಮಾತು ಮುಗಿದ ಮೇಲೂ ಮುಖಕ್ಕೆ ಅರ್ಧ ಸೆಕೆಂಡ್ ಬೇಕು; ಇಲ್ಲದಿದ್ದರೆ ಕೊನೆಯ ಅಕ್ಷರದ ಮೇಲೇ ಶಾಟ್ ಕತ್ತರಿಸಿದಂತಾಗುತ್ತದೆ.

ಅರ್ಧ ಕೆಲಸ ಆದಮೇಲೆ 24ನ್ನು 25 ಮಾಡಿದರೆ ಏನಾಗುತ್ತದೆ? ಕೀಗಳು ಫ್ರೇಮ್ ನಂಬರಿಗೆ ಅಂಟಿಕೊಂಡಿರುತ್ತವೆ, ಸೆಕೆಂಡಿಗಲ್ಲ. 24ರಲ್ಲಿ 12 ಸೆಕೆಂಡ್ ಎಂದರೆ 288 ಫ್ರೇಮ್. ಅದೇ 288 ಫ್ರೇಮ್ 25ರಲ್ಲಿ 11.52 ಸೆಕೆಂಡಿಗೆ ಮುಗಿದುಹೋಗುತ್ತದೆ. ಧ್ವನಿ ಮಾತ್ರ ತನ್ನ 12 ಸೆಕೆಂಡನ್ನು ಬಿಡುವುದಿಲ್ಲ. ಶುರುವಿನಲ್ಲಿ ಎಲ್ಲ ಸರಿ ಕಾಣುತ್ತದೆ, ಹೋಗ್ತಾ ಹೋಗ್ತಾ ತುಟಿ ಮುಂದೋಡಿ, ಕೊನೆಗೆ 12 ಫ್ರೇಮಿನಷ್ಟು ತಪ್ಪಿರುತ್ತದೆ. ತಪ್ಪು ಹೀಗೆ ಹಂತಹಂತವಾಗಿ ಬೆಳೆಯುತ್ತಿದ್ದರೆ ಫ್ರೇಮ್ ರೇಟನ್ನು ನೋಡಿ. ಮೊದಲಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಧ್ವನಿಯ ಸ್ಟ್ರಿಪ್ (ಧ್ವನಿಯ ಫೈಲನ್ನು ತೋರಿಸುವ ಪಟ್ಟಿ) ಎಲ್ಲಿಂದ ಶುರುವಾಗಿದೆ ಎಂದು ನೋಡಿ.

ಸರಿಪಡಿಸಲು ಟೈಮ್ ಸ್ಟ್ರೆಚಿಂಗ್ (ಕೀ ಮುಟ್ಟದೆ ಹೊತ್ತನ್ನೇ ಹಿಗ್ಗಿಸುವ ಸೌಲಭ್ಯ) ಕಡೆ ನಾನು ಹೋಗುವುದಿಲ್ಲ. ಅಲ್ಲಿ ಕೀ ಇರುವ ನಂಬರಿಗೂ ಅದು ಕಾಣಿಸುವ ಹೊತ್ತಿಗೂ ತಾಳೆಯಾಗದೆ ಮುಂದೆ ತಲೆ ಕೆಡುತ್ತದೆ. ಕೀಗಳನ್ನೆಲ್ಲ ತೋರಿಸುವ ಡೋಪ್ ಶೀಟ್‌ನಲ್ಲಿ ಪ್ಲೇಹೆಡ್ (ಈಗಿನ ಫ್ರೇಮ್ ತೋರಿಸುವ ಗೆರೆ) 1ಕ್ಕೆ ತಂದು, 'ಎ' ಒತ್ತಿ ಎಲ್ಲ ಕೀ ಆರಿಸಿ, 'ಎಸ್' ಒತ್ತಿ 1.0417 ಟೈಪ್ ಮಾಡಿ ಎಂಟರ್. ಹಿಗ್ಗುವಿಕೆ ಪ್ಲೇಹೆಡ್ ಇರುವಲ್ಲಿಂದಲೇ ಲೆಕ್ಕ, ಹಾಗಾಗಿ ಅದು 1ರಲ್ಲಿ ಇರಲೇಬೇಕು. ಈಗ ಕೀಗಳು 38.5ರಂಥ ಭಿನ್ನರಾಶಿಯ ಜಾಗಗಳಲ್ಲಿ ನಿಂತಿರುತ್ತವೆ. ಶಿಫ್ಟ್ ಜೊತೆ 'ಎಸ್' ಒತ್ತಿ ಹತ್ತಿರದ ಫ್ರೇಮಿಗೆ ಕೂರಿಸಿ. ಇದಕ್ಕೆಲ್ಲ ಮುಂಚೆ ಹೆಡರ್‌ನಲ್ಲಿರುವ ಬಾಣದ ಗುರುತನ್ನು, ಅಂದರೆ 'ಓನ್ಲಿ ಶೋ ಸೆಲೆಕ್ಟೆಡ್' ಅನ್ನು ಆಫ್ ಮಾಡಿರಬೇಕು. ಅದು ಆನ್ ಇದ್ದರೆ ಮುಖದ ಕೀಗಳಷ್ಟೇ ಹಿಗ್ಗಿ ಕ್ಯಾಮೆರಾದ ಕೀಗಳು ಹಳೆ ಜಾಗದಲ್ಲೇ ಉಳಿಯುತ್ತವೆ.

ಫ್ರೇಮ್ ರೇಟ್ ನಮಗೆ ತಿಳಿಯದಂತೆ ಬದಲಾಗುವ ದಾರಿಯೂ ಒಂದಿದೆ. ಮಾತಾಡುವವರ ಮುಖವನ್ನು ಫೋನಿನಲ್ಲಿ ಹಿಡಿದು, ನೋಡಿಕೊಂಡು ಮಾಡಲೆಂದು ವಿಡಿಯೊ, ಧ್ವನಿ ಜೋಡಿಸುವ ಸೀಕ್ವೆನ್ಸರ್‌ಗೆ ಹಾಕುತ್ತೇವಲ್ಲ, ಆಗ ಫೈಲ್ ಆರಿಸುವ ಕಿಟಕಿಯಲ್ಲಿ ಮೂವಿಯ ಫ್ರೇಮ್ ರೇಟನ್ನೇ ಸೀನಿಗೂ ಹಾಕುವ ಆಯ್ಕೆ ಟಿಕ್ ಆಗಿದ್ದರೆ ಸೀನಿನ 25 ಹೋಗಿ ಫೋನಿನ 30 ಬಂದು ಕೂರುತ್ತದೆ. ಟಿಕ್ ತೆಗೆದೇ ಸೇರಿಸಿ.

ಧ್ವನಿಯ ಫೈಲ್ ವೇವ್ ಆಗಿರಲಿ, 48 ಕಿಲೋಹರ್ಟ್ಸ್. ಎಂಪಿ3ಯಲ್ಲಿ ಎನ್‌ಕೋಡರ್ ಶುರುವಿಗೆ ಸಣ್ಣದೊಂದು ಮೌನ ಸೇರಿಸುತ್ತದೆ. ಅದು ಒಂದು ಫ್ರೇಮಿನ ಆಸುಪಾಸು ಅಷ್ಟೇ, ಆದರೆ ತುಟಿಯ ಕೆಲಸದಲ್ಲಿ ಒಂದು ಫ್ರೇಮ್ ದೊಡ್ಡದೇ. ಸ್ಟ್ರಿಪ್ ಬೀಳುವುದು ಪ್ಲೇಹೆಡ್ ಇರುವ ಕಡೆ, ಅದಕ್ಕೇ ಮೊದಲು 1ಕ್ಕೆ ಹೋಗಿ ಆಮೇಲೆ ಸೌಂಡ್ ಸೇರಿಸಿ. ಟೈಮ್‌ಲೈನ್‌ನಲ್ಲಿ ಧ್ವನಿಯ ಅಲೆ ಕಾಣುವುದಿಲ್ಲ. ಹಾಗಾಗಿ ಅದರ ಮೇಲೆಯೇ ಸೀಕ್ವೆನ್ಸರ್‌ನ ಒಂದು ಕಿರುಪಟ್ಟಿ ತೆರೆದು, ವೇವ್‌ಫಾರ್ಮ್ ಆನ್ ಮಾಡಿ, ಎರಡರಲ್ಲೂ ವ್ಯೂ ಮೆನುವಿನ 'ಸಿಂಕ್ ವಿಸಿಬಲ್ ರೇಂಜ್' ಹಾಕುತ್ತೇನೆ. ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಗೇ ಸರಿಯುತ್ತದೆ. ಪ್ಲೇಬ್ಯಾಕ್ ಮೆನುವಿನಲ್ಲಿ ಸ್ಕ್ರಬ್ಬಿಂಗ್ ಟಿಕ್ ಮಾಡಿದರೆ ಪ್ಲೇಹೆಡ್ ಎಳೆದಾಗ ಆ ಫ್ರೇಮಿನ ತುಣುಕು ಧ್ವನಿ ಕೇಳುತ್ತದೆ. ಅಕ್ಷರ ಎಲ್ಲಿ ಹುಟ್ಟುತ್ತದೆ ಎಂದು ಹುಡುಕಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಈಗ ಸಿಂಕ್. ಅದೇ ಪ್ಲೇಬ್ಯಾಕ್ ಮೆನುವಿನ ಮೇಲ್ಭಾಗದಲ್ಲಿ ಮೂರು ಆಯ್ಕೆ: ಪ್ಲೇ ಎವ್ರಿ ಫ್ರೇಮ್, ಫ್ರೇಮ್ ಡ್ರಾಪಿಂಗ್, ಸಿಂಕ್ ಟು ಆಡಿಯೊ. ಲಿಪ್‌ಸಿಂಕ್ ಹಾಳಾಗುವುದು ಬಹುಪಾಲು ಇಲ್ಲೇ, ಏಕೆಂದರೆ ಈಗ ಯಾವುದು ಓಡುತ್ತಿದೆ ಎಂದು ಗಮನಿಸದೆ ಜನ ಕೀಗಳನ್ನು ಸರಿಸಲು ಹೋಗುತ್ತಾರೆ. ಮೊದಲನೆಯದರಲ್ಲಿ ಒಂದು ಫ್ರೇಮೂ ಬಿಟ್ಟುಹೋಗುವುದಿಲ್ಲ, ಆದರೆ ಕಂಪ್ಯೂಟರ್ ಎಳೆಯಲಾರದಿದ್ದರೆ ವೇಗ ಕುಗ್ಗುತ್ತದೆ. ಸೆಕೆಂಡಿಗೆ 15 ಫ್ರೇಮಷ್ಟೇ ಸಿಕ್ಕಿತೆನ್ನಿ, 300 ಫ್ರೇಮ್ ಮುಗಿಯಲು 20 ಸೆಕೆಂಡ್ ಬೇಕು. ಮಾತು 12ಕ್ಕೇ ಮುಗಿದಿರುತ್ತದೆ. ಮೂರನೆಯದರಲ್ಲಿ ಧ್ವನಿಯೇ ಗಡಿಯಾರ. ಚಿತ್ರ ಹಿಂದೆ ಬಿದ್ದರೆ ಫ್ರೇಮ್ ಹಾರಿಸಿಕೊಂಡು ಬಂದು ಸೇರಿಕೊಳ್ಳುತ್ತದೆ. ಫ್ರೇಮ್ ಡ್ರಾಪಿಂಗ್ ಕೂಡ ಹಾರಿಸುತ್ತದೆ, ಆದರೆ ಧ್ವನಿಯನ್ನು ಹಿಡಿದುಕೊಂಡಿರುವುದಿಲ್ಲ; ಲಿಪ್‌ಸಿಂಕ್‌ಗೆ ಅದನ್ನು ಬಳಸಬೇಡಿ.

ಕನ್ನಡದ ಮಾತಿಗೆ ಇದು ಯಾಕೆ ಇಷ್ಟು ಮುಖ್ಯ ಎನ್ನುವುದು 'ಅಮ್ಮ ಮನೇಲಿದಾಳೆ' ಎಂಬಷ್ಟೇ ಮಾತಿನಲ್ಲಿ ಗೊತ್ತಾಗುತ್ತದೆ. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ನೋಡುವವರ ಕಣ್ಣು ಹಿಡಿಯುವುದು ಅದನ್ನೇ. 'ಮನೆ'ಯ ಮಕಾರಕ್ಕೆ ಮುಚ್ಚಿದ ತುಟಿ 2 ಫ್ರೇಮ್ ಇದ್ದರೆ ಸಾಕು. 'ಅಮ್ಮ'ದ ಒತ್ತಿಗೆ 3, ನಿಧಾನಕ್ಕೆ ಹೇಳಿದ್ದರೆ 4. ಒತ್ತಕ್ಷರದಲ್ಲಿ ನಾವು ತುಟಿಯನ್ನು ನಿಜವಾಗಿಯೂ ಹೆಚ್ಚು ಹೊತ್ತು ಮುಚ್ಚಿಟ್ಟುಕೊಳ್ಳುತ್ತೇವೆ, ಕನ್ನಡಿ ಮುಂದೆ ಹೇಳಿ ನೋಡಿ. ಎರಡಕ್ಕೂ ಒಂದೇ ಅಳತೆ ಕೊಟ್ಟರೆ ಪಾತ್ರ 'ಅಮ' ಅಂದಂತೆ ಕಾಣುತ್ತದೆ. ಟ, ಣ, ಳ ಎಲ್ಲ ನಾಲಿಗೆಯ ಕೆಲಸ, ಬಾಯೊಳಗೇ ಮುಗಿಯುತ್ತದೆ. ಅವಕ್ಕೆಲ್ಲ ತುಟಿಯ ಕೀ ಹಾಕಿದರೆ ಬಾಯಿ ಪಟಪಟ ಬಡಿದುಕೊಳ್ಳುತ್ತದೆ.

ಆ 2 ಫ್ರೇಮಿನ ಮುಚ್ಚುವಿಕೆಯನ್ನು ಸಿಂಕ್ ಟು ಆಡಿಯೊ ನುಂಗಿಬಿಡಬಹುದು. ಕೀ ಸರಿಯಾಗಿಯೇ ಇದೆ, ಆದರೆ ಹಾರಿಸಿದ್ದರಲ್ಲಿ ಅದೂ ಹೋಯಿತು. ಕೀ ಸಾಲದು ಅಂದುಕೊಂಡು ಇನ್ನೂ ಎರಡು ಫ್ರೇಮ್ ಎಳೆದರೆ, ರೆಂಡರ್‌ನಲ್ಲಿ, ಅಂದರೆ ಅಂತಿಮ ಚಿತ್ರದಲ್ಲಿ, ತುಟಿ ಅಂಟಿಕೊಂಡಂತೆ ಬರುತ್ತದೆ. ಹಾಗಾಗಿ ಹೊತ್ತನ್ನು ನೋಡಲು ಸಿಂಕ್ ಟು ಆಡಿಯೊ, ತುಟಿಯ ಆಕಾರ ನೋಡಲು ಪ್ಲೇ ಎವ್ರಿ ಫ್ರೇಮ್ ಮತ್ತು ಎಡ-ಬಲ ಬಾಣದ ಕೀಲಿ. ವ್ಯೂಪೋರ್ಟ್ ಓವರ್‌ಲೇಯಲ್ಲಿ ಟೆಕ್ಸ್ಟ್ ಇನ್ಫೊ ಆನ್ ಇದ್ದರೆ ಪ್ಲೇ ಆಗುವಾಗ ಎಡಮೂಲೆಯಲ್ಲಿ ಫ್ರೇಮ್ ರೇಟ್ ಕಾಣುತ್ತದೆ. ಅದು ಕೆಂಪಾಗಿದ್ದಷ್ಟು ಹೊತ್ತು ಕಂಡದ್ದನ್ನು ನಂಬಿ ಕೀ ಮುಟ್ಟಬೇಡಿ.

ಕೆಂಪು ಹೋಗಿಸಲು ಮೊದಲು ಸಾಲಿಡ್ ಮೋಡ್‌ಗೆ ಬನ್ನಿ. ಕೂದಲು, ಬಟ್ಟೆ, ಹಿನ್ನೆಲೆಯನ್ನು ಔಟ್‌ಲೈನರ್‌ನ ಮಾನಿಟರ್ ಗುರುತಿನಿಂದ ಆಫ್ ಮಾಡಿ. ರೆಂಡರ್ ಪ್ರಾಪರ್ಟೀಸ್‌ನ ಸಿಂಪ್ಲಿಫೈ ಆನ್ ಮಾಡಿ ವ್ಯೂಪೋರ್ಟ್‌ನ ಮ್ಯಾಕ್ಸ್ ಸಬ್‌ಡಿವಿಶನ್ 0 ಅಥವಾ 1 ಇಡಿ. ರೆಂಡರಿನ ಅಂಕಿ ಬೇರೆಯೇ ಇರುವುದರಿಂದ ಅಂತಿಮ ಚಿತ್ರಕ್ಕೆ ಧಕ್ಕೆ ಇಲ್ಲ.

ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಲಿಪ್‌ಸಿಂಕ್ ಮಾಡಲೇಬಾರದು. 160 ಮಿಲಿಸೆಕೆಂಡ್ ತಡವಾದರೆ 4 ಫ್ರೇಮ್. ಕಿವಿಗೆ ತಡವಾಗಿ ಬರುವ ಮಾತಿಗೆ ಹೊಂದುವಂತೆ ನಾವು ತುಟಿಯನ್ನೂ ತಡ ಮಾಡುತ್ತೇವೆ, ಆಮೇಲೆ ಬೇರೆಯವರ ಟಿವಿಯಲ್ಲಿ ಮಾತು ಮೊದಲು, ಬಾಯಿ ಆಮೇಲೆ. ವೈರ್ ಇರುವುದೇ ಆಗಲಿ. ಪ್ರಿಫರೆನ್ಸಸ್‌ನ ಸಿಸ್ಟಮ್ ಭಾಗದಲ್ಲಿ ಮಿಕ್ಸಿಂಗ್ ಬಫರ್ ಎಂದೊಂದಿದೆ. 48 ಕಿಲೋಹರ್ಟ್ಸ್‌ಗೆ 2048 ಸ್ಯಾಂಪಲ್ ಎಂದರೆ ಸುಮಾರು 43 ಮಿಲಿಸೆಕೆಂಡ್, ಒಂದು ಫ್ರೇಮಿಗಿಂತ ತುಸು ಹೆಚ್ಚು. ಧ್ವನಿ ಒಡೆದು ಕೇಳದಿದ್ದರೆ ಅದನ್ನು 1024ಕ್ಕೆ ಇಳಿಸಬಹುದು.

ಒಂದೊಂದೇ ಪದ ಮಾಡುವಾಗ ಟೈಮ್‌ಲೈನ್ ಮೇಲೆ ಮೌಸ್ ಇಟ್ಟು 'ಪಿ' ಒತ್ತಿ, ಆ ಪದದಷ್ಟು ಜಾಗಕ್ಕೆ ಚೌಕ ಎಳೆಯಿರಿ. ಅದು ಪ್ರಿವ್ಯೂ ರೇಂಜ್. ಸ್ಟಾರ್ಟ್, ಎಂಡ್ ಮುಟ್ಟದೆ ಅಷ್ಟೇ ಭಾಗ ಸುತ್ತುತ್ತಿರುತ್ತದೆ. ಆಲ್ಟ್ ಜೊತೆ 'ಪಿ' ಒತ್ತಿದರೆ ಹೋಗುತ್ತದೆ. ಪದ ಪೂರ್ತಿಯಾದಮೇಲೆ ತುಟಿಯ ಕೀಗಳನ್ನೆಲ್ಲ ಆರಿಸಿ 'ಜಿ', -1, ಎಂಟರ್. ಧ್ವನಿಗಿಂತ ಒಂದು ಫ್ರೇಮ್ ಮುಂಚೆ ಬಾಯಿ ಆಕಾರ ತಳೆದರೆ ಕಣ್ಣಿಗೆ ಹಿತ. ಎರಡರವರೆಗೂ ಹೋಗಬಹುದು, ಮೂರಕ್ಕೆ ಹೋದರೆ ತಪ್ಪು ಎದ್ದು ಕಾಣುತ್ತದೆ.

ಬಟ್ಟೆಯ ಸಿಮ್ಯುಲೇಶನ್ ಇದ್ದರೆ ಅದನ್ನು ಓಡಿಸುವಾಗ ಮರೆಯದೆ ಪ್ಲೇ ಎವ್ರಿ ಫ್ರೇಮ್‌ಗೆ ಬನ್ನಿ. ಹಿಂದಿನ ಫ್ರೇಮಿನ ಲೆಕ್ಕದ ಮೇಲೆ ಮುಂದಿನದು ನಿಲ್ಲುವುದರಿಂದ ನಡುವೆ ಹಾರಿಸಿದರೆ ಸೆರಗು ಚಿಂದಿಯಾಗುತ್ತದೆ. ಸಿಮ್ಯುಲೇಶನ್ನಿನ ಲೆಕ್ಕ ಉಳಿಸಿಡುವ ಕ್ಯಾಶ್‌ನ ಎಂಡ್ ಕೂಡ ತಾನಾಗಿಯೇ 312 ಆಗುವುದಿಲ್ಲ, 250ರಲ್ಲೇ ಇರುತ್ತದೆ. ಬಟ್ಟೆ 251ಕ್ಕೆ ನಿಂತುಬಿಟ್ಟರೆ ಕಾರಣ ಅದು.

ಕೊನೆಯ ತೀರ್ಪು ಪ್ಲೇಬ್ಯಾಕಿನದಲ್ಲ, ಫೈಲಿನದು. ಔಟ್‌ಪುಟ್‌ನಲ್ಲಿ ಎಫ್‌ಎಫ್‌ಎಂಪೆಗ್, ಕಂಟೇನರ್ ಎಂಪೆಗ್-4, ರೆಸಲ್ಯೂಶನ್ 50 ಪ್ರತಿಶತ. ಆಡಿಯೊ ಕೋಡೆಕ್ 'ನೋ ಆಡಿಯೊ' ಎಂದಿರುತ್ತದೆ, ಎಎಸಿ ಮಾಡಿ. ಪ್ರಿವ್ಯೂ ರೇಂಜ್ ತೆಗೆದು, ವ್ಯೂ ಮೆನುವಿನ ವ್ಯೂಪೋರ್ಟ್ ರೆಂಡರ್ ಆನಿಮೇಶನ್ ಒತ್ತಿ. ಬಂದ ಫೈಲನ್ನು ವಿಎಲ್‌ಸಿಯಲ್ಲಿ ಮೊದಲು ಧ್ವನಿಯೊಂದಿಗೆ ಒಮ್ಮೆ ಪೂರ್ತಿ ನೋಡಿ. ಆಮೇಲೆ ಅನುಮಾನ ಬಂದ ಪದದ ಹತ್ತಿರ ನಿಲ್ಲಿಸಿ 'ಇ' ಕೀಲಿಯಿಂದ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗಿ, 'ಮ್ಮ' ಮುಚ್ಚಿರುವ ಮೂರು ಫ್ರೇಮ್ ಎಣಿಸಿ.