ಗೇಮಿಂಗ್ ಹೆಡ್‌ಸೆಟ್ ಕಂಪ್ಯೂಟರ್‌ಗೆ ಕೂಡುತ್ತಿಲ್ಲವೇ? ಮೊದಲು ಪಿನ್ ನೋಡಿ

'ಆವಾಜ್ ಬರವಲ್ದು' ಎಂದು ಹೊಸ ಹೆಡ್‌ಸೆಟ್ ತರಲು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೊರಡುವ ಮೊದಲು ಅದನ್ನು ಮೊಬೈಲ್‌ಗೋ ಇನ್ನೊಂದು ಲ್ಯಾಪ್‌ಟಾಪ್‌ಗೋ ಹಾಕಿ ನೋಡಿ. ಅಲ್ಲಿ ಹಾಡೂ ಕೇಳಿ, ಕರೆಯಲ್ಲಿ ನಿಮ್ಮ ಮಾತೂ ಆಚೆಯವರಿಗೆ ಮುಟ್ಟಿದರೆ ಹೆಡ್‌ಸೆಟ್ ಸರಿಯಾಗಿಯೇ ಇದೆ. ದೋಷ ಕಂಪ್ಯೂಟರ್ ಕಡೆಯದು, ಅದನ್ನು ಹೆಚ್ಚಾಗಿ ಮನೆಯಲ್ಲೇ ಸರಿಪಡಿಸಬಹುದು.

ತಂತಿಯ ಹೆಡ್‌ಸೆಟ್ ಆದರೆ 3.5 ಮಿ.ಮೀ. ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಮೂರು ಗೆರೆ ಇದ್ದರೆ ಒಂದೇ ಪಿನ್ನಿನಲ್ಲಿ ಎಡಕಿವಿ, ಬಲಕಿವಿ, ಗ್ರೌಂಡ್, ಮೈಕ್ ನಾಲ್ಕೂ ಇವೆ. ಡೆಸ್ಕ್‌ಟಾಪ್‌ನ ಹಸಿರು (ಧ್ವನಿ) ಮತ್ತು ಗುಲಾಬಿ (ಮೈಕ್) ತೂತುಗಳು ಎರಡು ಗೆರೆಯ ಪಿನ್ನಿಗಾಗಿ ಮಾಡಿದವು. ಮೂರು ಗೆರೆಯ ಪಿನ್ ಹಸಿರಿಗೆ ಹಾಕಿದರೆ ಸಾಮಾನ್ಯವಾಗಿ ಧ್ವನಿ ಬರುತ್ತದೆ, ಮೈಕ್ ನಡೆಯುವುದಿಲ್ಲ. ಇದಕ್ಕೆ ಒಂದು ಕಡೆ ಒಂದು ತೂತು, ಇನ್ನೊಂದು ಕಡೆ ಎರಡು ಪಿನ್ ಇರುವ ಸ್ಪ್ಲಿಟರ್ ಬೇಕು. ಒಂದು ಪಿನ್, ಎರಡು ತೂತಿನದ್ದು ಇಬ್ಬರು ಒಟ್ಟಿಗೆ ಹಾಡು ಕೇಳುವುದಕ್ಕೆ ಇರುವಂಥದ್ದು, ಅದನ್ನು ತಂದರೆ ಕೆಲಸವಾಗದು. ಲ್ಯಾಪ್‌ಟಾಪ್‌ನಲ್ಲಿ ಒಂದೇ ತೂತಿದ್ದು ಪಕ್ಕದಲ್ಲಿ ಮೈಕ್ ಸಹಿತ ಹೆಡ್‌ಸೆಟ್ ಚಿತ್ರವಿದ್ದರೆ ಸ್ಪ್ಲಿಟರ್ ಬೇಡ.

ಪಿನ್ 'ಟಕ್' ಎನ್ನುವವರೆಗೆ ಒಳಗೆ ಹೋಗಬೇಕು. ಎರೆ ಮಣ್ಣಿನ ಈ ಸೀಮೆಯಲ್ಲಿ ನುಣ್ಣನೆ ಧೂಳು ತೂತಿನ ತಳದಲ್ಲಿ ಕೂತು ಪಿನ್ನನ್ನು ತಡೆಯುತ್ತದೆ. ಸೇಫ್ಟಿ ಪಿನ್ ಹಾಕಿ ಕೆದಕಬೇಡಿ, ಒಳಗಿನ ಎಲೆಯಂಥ ಸಂಪರ್ಕಪಟ್ಟಿ ಬಾಗಿದರೆ ಪೋರ್ಟನ್ನೇ ಬದಲಿಸಬೇಕಾಗುತ್ತದೆ. ಬ್ಲೋವರ್‌ನಿಂದ ಊದಿ, ಪಿನ್ನನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಅಸೆಂಬಲ್ ಮಾಡಿಸಿದ ಕ್ಯಾಬಿನೆಟ್‌ಗಳಲ್ಲಿ ಮುಂಭಾಗದ ತೂತು ಮಾತ್ರ ಸತ್ತಿರುವುದುಂಟು. ಹಿಂಭಾಗದ ಹಸಿರು ತೂತಿನಲ್ಲಿ ಧ್ವನಿ ಬಂದರೆ, ಒಳಗೆ 'ಎಚ್‌ಡಿ ಆಡಿಯೋ' ಎಂದು ಬರೆದ ತೆಳು ಕೇಬಲ್ ಬಿಚ್ಚಿಕೊಂಡಿರಬಹುದು, ಇಲ್ಲವೇ ಅದನ್ನು ಜೋಡಿಸಿಯೇ ಇರಲಿಕ್ಕಿಲ್ಲ. ಕರೆಂಟಿನ ತಂತಿ ಕಿತ್ತು, ಪಕ್ಕದ ತಗಡು ಬಿಚ್ಚಿ ನೋಡಿ. ಮದರ್‌ಬೋರ್ಡ್ (ಒಳಗಿನ ಮುಖ್ಯ ಹಲಗೆ) ಮೇಲೆ ಆ ಕೇಬಲ್ ಕೂರುವ ಜಾಗದಲ್ಲಿ 10 ಸ್ಥಾನ, 9 ಕಡ್ಡಿ. ಹತ್ತಿರದಲ್ಲೇ ಯುಎಸ್‌ಬಿಯ 9 ಕಡ್ಡಿಯ ಜಾಗವೂ ಇರಬಹುದು. ಯುಎಸ್‌ಬಿಯದ್ದಾದರೆ ಖಾಲಿ ಸ್ಥಾನ ಮೂಲೆಯಲ್ಲೇ ಇರುತ್ತದೆ, ಆಡಿಯೋದಲ್ಲಿ ಮೂಲೆಯಿಂದ ಒಂದು ಕಡ್ಡಿ ಬಿಟ್ಟು. ಇದನ್ನು ನೋಡಿಕೊಂಡು ಕೂರಿಸಿ, ಒತ್ತಾಯದಿಂದ ತುರುಕಬೇಡಿ.

ಜೋಡಣೆ ಸರಿ ಇದ್ದೂ ಸದ್ದಿಲ್ಲವೇ? ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್ ತೆರೆಯಿರಿ. ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಧ್ವನಿ ಅದರ ಕಡೆ ಹೋಗಿರಬಹುದು. ಔಟ್‌ಪುಟ್ ಮತ್ತು ಇನ್‌ಪುಟ್ ಎರಡರಲ್ಲೂ ಹೆಡ್‌ಸೆಟ್ ಆರಿಸಿ. ಮೈಕ್ ಮಾತ್ರ ನಡೆಯದಿದ್ದರೆ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಯ ಮೈಕ್ರೋಫೋನ್ ಪುಟದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಇದೆಯೇ ನೋಡಿ. ಆಡುತ್ತಾ ಮಾತಾಡಲು ಬಳಸುವ ಡಿಸ್ಕಾರ್ಡ್‌ನಂಥ ಆ್ಯಪ್‌ಗಳಿಗೆ ತಮ್ಮದೇ ಧ್ವನಿ ಸೆಟ್ಟಿಂಗ್ ಇರುತ್ತದೆ, ಅಲ್ಲೂ ಬದಲಿಸಿ. ತೆರೆದಿರುವ ಗೇಮನ್ನು ಮುಚ್ಚಿ ಮತ್ತೆ ತೆರೆಯಿರಿ, ಕೆಲವು ಗೇಮ್‌ಗಳು ಶುರುವಾಗುವಾಗ ಮಾತ್ರ ಸಾಧನವನ್ನು ಗುರುತಿಸುತ್ತವೆ.

ಯುಎಸ್‌ಬಿ ಹೆಡ್‌ಸೆಟ್ ಪಟ್ಟಿಯಲ್ಲೇ ಕಾಣದಿದ್ದರೆ ಹಬ್ ಬಿಟ್ಟು ಕ್ಯಾಬಿನೆಟ್ ಹಿಂಭಾಗದ ಪೋರ್ಟ್‌ಗೆ ನೇರ ಹಾಕಿ. ಆಗಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹೆಸರನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಸಾಲದು. ವಿಂಡೋಸ್ ಬೇಗ ಶುರುವಾಗಲೆಂದು ಇರುವ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್‌ಡೌನ್ ಆದರೂ ಹಳೆಯ ಸ್ಥಿತಿಯ ಒಂದು ಭಾಗ ಉಳಿದುಬಿಡುತ್ತದೆ.

ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ರಿಸೀವರ್) ಇರುವ ವೈರ್‌ಲೆಸ್ ಹೆಡ್‌ಸೆಟ್‌ಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತವೆ. ಯುಎಸ್‌ಬಿ 3 ಪೋರ್ಟ್‌ಗಳು (ಹೆಚ್ಚಾಗಿ ನೀಲಿ ಬಣ್ಣದವು) ಕೆಲಸ ಮಾಡುವಾಗ ಅದೇ ತರಂಗಾಂತರದಲ್ಲಿ ರೇಡಿಯೋ ಗದ್ದಲ ಹೊರಸೂಸುತ್ತವೆ. ನೀಲಿ ಪೋರ್ಟ್ ಪಕ್ಕ, ತಗಡಿನ ಕ್ಯಾಬಿನೆಟ್ ಹಿಂದೆ ಡಾಂಗಲ್ ಇದ್ದರೆ ಸಂಪರ್ಕ ಕಡಿದು ಕಡಿದು ಬರಬಹುದು. ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅದನ್ನು ಮೇಜಿನ ಮೇಲೆ ತನ್ನಿ. ಬ್ಲೂಟೂತ್ ಆದರೆ ಮೊದಲು ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿ, ಆ ಮೊಬೈಲೇ ಹೆಡ್‌ಸೆಟ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಬೇಸಿಗೆಯಲ್ಲಿ ಬಿಸಿಲು ಬೀಳುವ ಕಿಟಕಿ ಪಕ್ಕ ಚಾರ್ಜ್‌ಗೆ ಹಾಕಬೇಡಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡುವುದು ಹಾನಿಕರ, ನಮ್ಮ ಮೇ ತಿಂಗಳ ಕಿಟಕಿ ಅದನ್ನು ಸುಲಭವಾಗಿ ದಾಟುತ್ತದೆ.

ಮೊಬೈಲ್‌ನಲ್ಲೂ ಧ್ವನಿ ಬರದೆ, ಪಿನ್ನಿನ ಕುತ್ತಿಗೆ ಬಾಗಿಸಿದಾಗ ಮಾತ್ರ ಕರಕರ ಎಂದರೆ ಒಳಗೆ ತಂತಿ ತುಂಡಾಗಿದೆ. ಅಲ್ಲಿಗೆ ಕತ್ತರಿಸಿ ಹೊಸ ಪಿನ್ ಬೆಸೆಯಿಸಿದರೆ ಸಾಕು. ಕೂದಲಿನಷ್ಟು ಸಣ್ಣ ಆ ಎಳೆಗಳ ಮೇಲಿನ ಬಣ್ಣದ ಲೇಪವನ್ನು ಕೆರೆದೋ ಸುಟ್ಟೋ ತೆಗೆಯದೆ ಬೆಸುಗೆ ಹಿಡಿಯದು, ಮಾಡಿಸುವಾಗ ಇದನ್ನು ಕೇಳಿಯೇ ಮಾಡಿಸಿ.