ಆರತಿ ತಟ್ಟೆ ಒಳಗಿಟ್ಟ ಮೇಲೆ

ನಮ್ಮ ಮನೆ ಮೈಸೂರಿನ ಗೋಕುಲಂನಲ್ಲಿದೆ. ಮಗನಿಗೆ ಮದುವೆಯಾದ ಮೇಲೆ ಬೇಕಾಗುತ್ತದೆ ಎಂದು ಮೇಲೊಂದು ಮಹಡಿ ಕಟ್ಟಿಸಿದೆವು. ಅವನು ಕೆಲಸ ಸಿಕ್ಕಿತು ಎಂದು ಜರ್ಮನಿಗೆ ಹೋದ. ಮಹಡಿ ಖಾಲಿ ಬಿತ್ತು. ಆಗಲೇ ನಮ್ಮ ಸುತ್ತಮುತ್ತ ಎಷ್ಟೋ ಮನೆಗಳ ಮೇಲೆ ಯೋಗ ಕಲಿಯಲು ಬಂದ ಹೊರದೇಶದವರಿದ್ದರು. 2009ರಲ್ಲಿ ನಾವೂ ಬಾಡಿಗೆಗೆ ಕೊಡಲು ಶುರು ಮಾಡಿದೆವು.

ಮೊದಲು ಬಂದವಳು ಫಿನ್ಲೆಂಡಿನ ಹುಡುಗಿ. ಬೆಂಗಳೂರು ಏರ್‌ಪೋರ್ಟಿನಿಂದ ಟ್ಯಾಕ್ಸಿ ಮಾಡಿಕೊಂಡು ಬೆಳಗಿನ ಜಾವ ಮೂರಕ್ಕೆ ಬಂದಳು. ನಾನು ಎರಡಕ್ಕೇ ಎದ್ದು, ರೇಷ್ಮೆ ಸೀರೆ ಉಟ್ಟು, ಆರತಿ ತಟ್ಟೆ, ಕುಂಕುಮ, ಮಲ್ಲಿಗೆ ಹಾರ ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಶಾವಿಗೆ ಪಾಯಸ ಬೇರೆ. ನಮ್ಮ ಯಜಮಾನರು ಕ್ಯಾಮೆರಾ ಹಿಡಿದು ನಿಂತಿದ್ದರು. ನಮ್ಮ ದೇಶ ಅಂದರೆ ಏನು ಅಂತ ಬಾಗಿಲಲ್ಲೇ ಗೊತ್ತಾಗಲಿ ಎನ್ನುವ ಹುಮ್ಮಸ್ಸು. ಪಾಪ, ಅವಳ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ನಾಲ್ಕು ಫೋಟೋಗೂ ನಕ್ಕಳು. ಆಮೇಲೆ ಮೆಲ್ಲಗೆ, ಬಾತ್‌ರೂಮ್ ಎಲ್ಲಿದೆ ಎಂದು ಕೇಳಿದಳು. ಎರಡು ತಿಂಗಳಾದ ಮೇಲೆ ಸಲಿಗೆ ಬೆಳೆದಾಗ ಹೇಳಿದಳು: "ಅವತ್ತು ಯಾವುದೋ ಮದುವೆ ಮನೆಗೆ ತಪ್ಪಿ ಬಂದುಬಿಟ್ಟೆ ಅಂದುಕೊಂಡೆ."

ಮುಂದಿನ ಅತಿಥಿ ಬರುವ ಹೊತ್ತಿಗೆ ಆರತಿ ತಟ್ಟೆ ಒಳಗೆ ಹೋಗಿತ್ತು. ಅದರ ಬದಲು ಮೇಜಿನ ಮೇಲೆ ಎರಡು ಬಾಟಲಿ ನೀರು, ನಾಲ್ಕು ಬಾಳೆಹಣ್ಣು, ಗೀಸರ್ ಸ್ವಿಚ್ ಯಾವುದು ಎಂದು ಬರೆದ ಚೀಟಿ, ವೈಫೈ ಪಾಸ್‌ವರ್ಡ್ ಇಟ್ಟೆ. ಮೂರು ಗಂಟೆಗೆ ಬಂದವರಿಗೆ ಇಷ್ಟೇ ಸಾಕು. ಮಾತೆಲ್ಲ ಬೆಳಿಗ್ಗೆ.

ಮಗ ಫೋನಿನಲ್ಲಿ ಒಮ್ಮೆ, "ಅಮ್ಮಾ, ನೀನು ಮಾಡ್ತಿರೋದಕ್ಕೆ ಸಾಫ್ಟ್ ಪವರ್ ಅಂತಾರೆ" ಎಂದ. "ಬಾಡಿಗೆ ಅಂತಾರೆ ಕಣೋ" ಎಂದೆ. ಜೋಸೆಫ್ ನೈ ಎಂಬ ಅಮೆರಿಕದ ಪ್ರೊಫೆಸರ್ 1990ರಲ್ಲಿ ಚಾಲ್ತಿಗೆ ತಂದ ಮಾತಂತೆ ಅದು. ಸೈನ್ಯ ತೋರಿಸಿ ಹೆದರಿಸದೆ, ದುಡ್ಡು ಕೊಟ್ಟು ಕೊಳ್ಳದೆ, ತಾನಾಗಿಯೇ ಬೇರೆಯವರು ನಮ್ಮ ಕಡೆ ಒಲಿಯುವ ಹಾಗೆ ಮಾಡುವ ಶಕ್ತಿ. ಕೇಳಿದಾಗ ನಮ್ಮ ಬೀದಿಯೇ ಕಣ್ಣ ಮುಂದೆ ಬಂತು. ಈ ಜನರನ್ನು ಇಲ್ಲಿಗೆ ಕರೆತಂದದ್ದು ಯಾವ ಜಾಹೀರಾತೂ ಅಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೃಷ್ಣಮಾಚಾರ್ಯರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. ಅವರ ಹತ್ತಿರ ಕಲಿತ ಹಾಸನ ಕಡೆಯ ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ಶುರು ಮಾಡಿದರು. 1964ರಲ್ಲಿ ಬೆಲ್ಜಿಯಂನ ವ್ಯಾನ್ ಲೈಸ್‌ಬೆತ್ ಎಂಬುವವರು ಬಂದು ಕಲಿತು ಹೋದರು. ಅವರಿಂದ ಇವರಿಗೆ, ಇವರಿಂದ ಮತ್ತೊಬ್ಬರಿಗೆ. ಜೋಯಿಸರು ಗೋಕುಲಂಗೆ ಬಂದ ಮೇಲೆ ಆ ಸಾಲು ನಮ್ಮ ಗೇಟಿನ ತನಕ ಬಂತು. ಸರ್ಕಾರಕ್ಕೆ ಇದರ ಬೆಲೆ ತಿಳಿದದ್ದು ಬಹಳ ತಡವಾಗಿ. ಯೋಗ ದಿನದ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ 177 ದೇಶಗಳು ಜೊತೆಯಾದದ್ದು 2014ರಲ್ಲಿ.

2022ರ ಜೂನ್ 21ಕ್ಕೆ ಪ್ರಧಾನಿಯವರು ನಮ್ಮ ಅರಮನೆ ಮುಂದೆಯೇ ಯೋಗ ಮಾಡಿದರು. ಸಾವಿರಾರು ಜನ. ಮಹಡಿಯಲ್ಲಿದ್ದ ಸ್ಪೇನಿನ ಹೆಂಗಸು ಕೆಳಗೆ ಬಂದು ನನ್ನ ಜೊತೆ ಟಿವಿಯಲ್ಲಿ ನೋಡಿದಳು. ತುಂಬಾ ಚೆನ್ನಾಗಿದೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇವರೆಲ್ಲ ನಾಳೆ ಬೆಳಿಗ್ಗೆ ಎಲ್ಲಿರ್ತಾರೆ?" ಎಂದು ಕೇಳಿದಳು. ಅದು ಕೊಂಕಲ್ಲ, ನಿಜವಾದ ಕುತೂಹಲ. ನಾನಂತೂ ಕಾಫಿ ತರುತ್ತೇನೆ ಎಂದು ಎದ್ದು ಹೋದೆ.

ಕೆಲಸದ ವಿಷಯ ಹೇಳಬೇಕು. ಹೊರದೇಶದವರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಪಾಸ್‌ಪೋರ್ಟ್, ವೀಸಾ, ಎಲ್ಲಿಂದ ಬಂದರು, ಎಂದು ಹೋಗುತ್ತಾರೆ, ಎಲ್ಲ. ಮೊದಮೊದಲು ನನಗೆ ಮುಜುಗರ. ಮನೆಗೆ ಬಂದವರ ಹತ್ತಿರ ಕಾಗದ ಕೇಳುವುದಾ ಎಂದು, "ಸುಮ್ನೆ ಫಾರ್ಮಾಲಿಟಿ" ಎಂದು ತೇಲಿಸಿ ಹೇಳುತ್ತಿದ್ದೆ. ಅವರಿಗೆ ಅನುಮಾನ ಜಾಸ್ತಿಯಾಗುತ್ತಿತ್ತು. ಈಗ ಪಕ್ಕದಲ್ಲೇ ಕೂರಿಸಿಕೊಂಡು, "ಇದು ಪೊಲೀಸರಿಗೆ ಹೋಗುತ್ತೆ, ತುಂಬದಿದ್ದರೆ ನನಗೂ ತೊಂದರೆ, ನಿನಗೂ ತೊಂದರೆ" ಎಂದು ನೇರವಾಗಿ ಹೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆದರೆ ಈ ನೇರ ಮಾತು ನನಗೆ ಬಂದದ್ದು ಫಾರ್ಮಿನಿಂದ ಅಲ್ಲ. ಅದಕ್ಕೆ ಒಂದು ಕೆಟ್ಟ ಬೆಳಗು ಬೇಕಾಯಿತು.

ಯೋಗ ಶಾಲೆಗೆ ಇವರು ನಾಲ್ಕೂವರೆ, ಐದಕ್ಕೆಲ್ಲ ನಡೆದು ಹೋಗುತ್ತಾರೆ. ಕತ್ತಲೆ, ನಾಯಿಗಳು, ಹಾಲಿನವನ ಸೈಕಲ್. ಒಂದು ದಿನ ಮಹಡಿಯ ಹುಡುಗಿ ಹೋದ ಹತ್ತೇ ನಿಮಿಷಕ್ಕೆ ವಾಪಸ್ ಬಂದಳು. ಬೈಕಿನಲ್ಲಿ ಬಂದ ಇಬ್ಬರು ಅವಳ ಮೈಗೆ ಕೈ ಹಾಕಿ ಹೋಗಿದ್ದರು. ಕೈ ನಡುಗುತ್ತಿತ್ತು. ಬೆಳಗಾದ ಮೇಲೆ ಠಾಣೆಗೆ ಹೋಗೋಣ ಎಂದೆ. ಅವಳಿಗೆ ಇಂಗ್ಲಿಷ್, ಅಲ್ಲಿದ್ದವರಿಗೆ ಕನ್ನಡ, ನಡುವೆ ನಾನು.

ಎದುರಿಗೆ ಕೂತಿದ್ದವರು ಮೊದಲು ಕೇಳಿದ ಪ್ರಶ್ನೆ: "ಏನು ಬಟ್ಟೆ ಹಾಕ್ಕೊಂಡಿದ್ರಮ್ಮಾ ಇವರು?"

ನಾನು ಅವಳ ಕಡೆ ತಿರುಗಿ, "ಬೈಕಿನ ನಂಬರ್ ನೋಡಿದೆಯಾ ಅಂತ ಕೇಳ್ತಿದ್ದಾರೆ" ಎಂದೆ.

ಅವಳು ಇಲ್ಲ ಎಂದಳು. ನಾನು ಅವರಿಗೆ, "ಪ್ಯಾಂಟು, ಮೈತುಂಬ ಶಾಲು" ಎಂದೆ. ಅದು ನಿಜವೇ. ಹೀಗೇ ಅರ್ಧ ಗಂಟೆ ಎರಡು ಕಡೆಗೂ ಬೇರೆ ಬೇರೆ ಮಾತು ಸಾಗಿಸಿದೆ. ದೇಶದ ಮಾನ ನನ್ನ ನಾಲಿಗೆ ಮೇಲಿದೆ ಎನ್ನುವ ಹಾಗೆ. ಹೊರಗೆ ಬಂದ ಮೇಲೆ ಅವಳು ಆಟೋ ಹತ್ತಲಿಲ್ಲ. "ಆತ ನನ್ನ ಬಟ್ಟೆ ನೋಡಿ ಏನೋ ಕೇಳಿದ. ನೀವು ನನಗೆ ಹೇಳಲಿಲ್ಲ" ಎಂದಳು. ಸಿಟ್ಟಿಲ್ಲ, ಕೂಗಾಟವಿಲ್ಲ. ಅವಳಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗದೇ ಇದ್ದದ್ದು ನಾನು ಯಾರ ಪರ ಎನ್ನುವುದು ಮಾತ್ರ.

ರಸ್ತೆ ಬದಿಯಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಕಾಲೇಜಿನ ದಿನಗಳಲ್ಲಿ ಸಿಟಿ ಬಸ್ಸಿನಲ್ಲಿ ಏನಾಗುತ್ತಿತ್ತು ಎನ್ನುವುದನ್ನೂ ಹೇಳಿದೆ. ನಮ್ಮ ಯಜಮಾನರಿಗೂ ಹೇಳಿರದ ಮಾತು ಅದು. ಅವಳು ನನ್ನ ಕೈ ಹಿಡಿದುಕೊಂಡಳು. ಬಂದು ಮೂರು ವಾರವಾಗಿತ್ತು. ಅವತ್ತಿನ ತನಕ ನಾನು ಅವಳಿಗೆ ಚಾಮುಂಡಿ ಬೆಟ್ಟ, ದಸರಾ, ರೇಷ್ಮೆ ಇವುಗಳ ಬಗ್ಗೆಯೇ ಭಾಷಣ ಮಾಡಿದ್ದೆ.

ಆಮೇಲೆ ಮಾಡಿದ ಕೆಲಸ ಸಣ್ಣದು. ಬೀದಿಯ ಮನೆಮನೆಗೂ ಹೋಗಿ, ಬೆಳಿಗ್ಗೆ ನಾಲ್ಕರಿಂದ ಆರರವರೆಗೆ ಗೇಟಿನ ಲೈಟು ಹಾಕಿ ಎಂದು ಕೇಳಿಕೊಂಡೆವು. ಹನ್ನೊಂದು ಮನೆಯವರು ಒಪ್ಪಿದರು. ಒಬ್ಬರು ಕರೆಂಟ್ ಬಿಲ್ ಯಾರು ಕೊಡ್ತಾರೆ ಎಂದರು. ಎದುರು ಮನೆ ಅಜ್ಜಿ ಲೈಟು ಹಾಕುವುದಷ್ಟೇ ಅಲ್ಲ, ಜಗುಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಎಣಿಸತೊಡಗಿದರು. ಆ ಹುಡುಗಿ ಮತ್ತೆ ಎರಡು ವರ್ಷ ಬಂದಳು. ಅವಳ ಮಾತು ಕೇಳಿ ಬಂದವರೇ ಆರೇಳು ಜನ. ಬರುವ ಮೊದಲೇ ಅವರಿಗೆ ಅಜ್ಜಿಯ ಬಗ್ಗೆ ಗೊತ್ತಿರುತ್ತಿತ್ತು!

ಬಾಡಿಗೆ ಪಾಠ ಕಲಿತದ್ದು ಹಂಪಿಯಲ್ಲಿ. ಒಬ್ಬ ಅತಿಥಿಯ ಜೊತೆ ಹೋಗಿದ್ದೆ. ವಿಜಯ ವಿಠ್ಠಲ ದೇವಸ್ಥಾನದ ಕೌಂಟರಿನಲ್ಲಿ ನನಗೆ 40 ರೂಪಾಯಿ, ಅವನಿಗೆ 600. ಅವನು ಕೊಟ್ಟ, ಜಗಳವಾಡಲಿಲ್ಲ. ಒಳಗೆ ಕಲ್ಲಿನ ರಥದ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದ. ಆದರೆ ವಾಪಸ್ ಬರುವಾಗ ಮಾತು ಮತ್ತೆ ಟಿಕೆಟ್ಟಿಗೇ ಬಂತು. ನಮ್ಮವರು ತೆರಿಗೆ ಕಟ್ಟುತ್ತಾರೆ, ಬಡವರೂ ನೋಡಬೇಕಲ್ವಾ ಎಂದೆ. ಒಪ್ಪಿದ. "ಅದು ಸರಿ. ಆದರೆ ಎಳನೀರಿನವನಿಗೂ, ಆಟೋದವನಿಗೂ ಇದನ್ನೇ ಹೇಳಿಕೊಟ್ಟ ಹಾಗಾಯಿತಲ್ಲ" ಎಂದ. ನಾನೂ ಆಗ ಬೆಂಗಳೂರಿನವರಿಗೆ ಒಂದು ಬಾಡಿಗೆ, ಇವರಿಗೆ ಒಂದು ಬಾಡಿಗೆ ಇಟ್ಟಿದ್ದೆ. ಅವನಿಗೆ ಅದು ಗೊತ್ತಿರಲಿಲ್ಲ. ಮುಂದಿನ ತಿಂಗಳಿಂದ ಒಂದೇ ರೇಟು ಮಾಡಿದೆ. ಅಕ್ಕಪಕ್ಕದವರಿಗೆ ಸಿಟ್ಟು ಬಂತು, ಮಾರ್ಕೆಟ್ ಹಾಳು ಮಾಡಿದಿರಿ ಎಂದರು. ಅವರ ಮಕ್ಕಳಿಗೇ ಗೋಕುಲಂನಲ್ಲಿ ಬಾಡಿಗೆಗೆ ಮನೆ ಸಿಗದೆ ದೂರ ಹೋಗಿದ್ದರು ಎನ್ನುವುದು ಬೇರೆ ಮಾತು.

ಅತಿಥಿಗಳು ಇಲ್ಲಿಂದ ಏನು ಒಯ್ಯುತ್ತಾರೆ ಎಂದು ಪ್ಯಾಕ್ ಮಾಡುವಾಗ ನೋಡಬೇಕು. ನಾವು ಕೊಟ್ಟ ಶ್ರೀಗಂಧದ ಆನೆ ಎಷ್ಟೋ ಸಲ ಕಪಾಟಿನಲ್ಲೇ ಉಳಿಯುತ್ತದೆ. ಜಮಖಾನ ಮಾತ್ರ ಹೋಗುತ್ತದೆ. ಛತ್ರದಲ್ಲಿ ಹಾಸುತ್ತೇವಲ್ಲ, ಅದೇ ಹತ್ತಿಯ ಜಮಖಾನ. ಯೋಗದ ಮ್ಯಾಟಿನ ಮೇಲೆ ಹಾಸಿದರೆ ಬೆವರು ಹೀರುತ್ತದೆ, ಕೈ ಜಾರುವುದಿಲ್ಲ. ಹೊರಗೆ ಅದರ ಹೆಸರು ಮೈಸೂರ್ ರಗ್.

ಹೋದ ವರ್ಷ ಮಗನ ಮನೆಗೆ ಮ್ಯೂನಿಕ್‌ಗೆ ಹೋಗಿದ್ದೆವು. ಒಂದು ಸಂಜೆ ನಡೆಯುವಾಗ ಗಾಜಿನ ಬಾಗಿಲೊಂದರ ಮೇಲೆ ತರಗತಿಗಳ ಪಟ್ಟಿ ಕಂಡಿತು. ಸೋಮವಾರ, ಬೆಳಿಗ್ಗೆ ಆರೂವರೆ, ಅದರ ಮುಂದೆ ಬರೀ "ಮೈಸೂರ್". ಗುರು ಎಲ್ಲರಿಗೂ ಒಟ್ಟಿಗೆ ಹೇಳಿಕೊಡದೆ, ಒಬ್ಬೊಬ್ಬರೂ ತಮ್ಮ ಪಾಡಿಗೆ ಮಾಡುವ ಪದ್ಧತಿಗೆ ಲೋಕವೆಲ್ಲ ನಮ್ಮೂರಿನ ಹೆಸರೇ. ಗೊತ್ತಿತ್ತು, ಆದರೂ ಕಣ್ಣಾರೆ ನೋಡಿ ಮೈ ಜುಮ್ಮೆಂದಿತು. ಒಳಗೆ ಹೋದೆವು. ಮಗ ನಮ್ಮ ಊರು ಹೇಳಿದ್ದೇ ತಡ, ಅಲ್ಲಿದ್ದ ನಾಲ್ಕೈದು ಜನ ಸುತ್ತ ನಿಂತರು. ಎಷ್ಟು ವರ್ಷದಿಂದ ಅಭ್ಯಾಸ ಎಂದು ಒಬ್ಬಳು ಕೇಳಿದಳು. ನನಗೆ ಸೊಂಟ ನೋವು, ಬಗ್ಗಿ ಕಾಲ್ಬೆರಳು ಮುಟ್ಟಲೂ ಆಗಲ್ಲ ಎಂದೆ. ಜೋರಾಗಿ ನಕ್ಕರು.

ಕೌಂಟರಿನ ಹುಡುಗಿ ಜನವರಿಗೆ ಬರುವವಳಿದ್ದಳು. ಏನು ತಿಳಿದುಕೊಂಡಿರಬೇಕು ಎಂದು ಪೆನ್ನು ಹಿಡಿದು ಕೇಳಿದಳು. ಕಿವಿಗೆ ಹಾಕಿಕೊಳ್ಳಲು ಹತ್ತಿ ತಾ, ಹಾರ್ನ್ ಜಾಸ್ತಿ. ನಲ್ಲಿ ನೀರು ಕುಡಿಯಬೇಡ. ಆಟೋ ಹತ್ತುವ ಮೊದಲು ರೇಟು ಮಾತಾಡು. ಬೆಳಗಿನ ಜಾವ ಒಬ್ಬಳೇ ನಡೆಯಬೇಡ, ಲೈಟಿರುವ ಬೀದಿ ಹಿಡಿ. ಕ್ಲಾಸು ಮುಗಿದ ಮೇಲೆ ಎಳನೀರು ಕುಡಿ, ಗಂಜಿ ಇರೋದು ಬೇಕು ಅಂತ ಹೇಳಿ ಕೆತ್ತಿಸಿಕೋ. ಎಲ್ಲ ಬರೆದುಕೊಂಡಳು. ಗಂಜಿ ಅನ್ನುವುದನ್ನು ಎರಡು ಸಲ ಹೇಳಿಸಿಕೊಂಡಳು.

ಹೊರಗೆ ಬಂದ ಮೇಲೆ ಮಗ, "ಅಮ್ಮಾ, ನಮ್ಮೂರಿನ ಬಗ್ಗೆ ಒಂದಾದರೂ ಒಳ್ಳೇದು ಹೇಳಬಾರದಿತ್ತಾ?" ಎಂದ.

"ಎಳನೀರು ಹೇಳಿದೆನಲ್ಲೋ" ಎಂದೆ.